ಹಾಡಾಕಿದ್ದೆ ಕಣಪ್ಪ, ಕೇಳಿಸ್ಲಿಲ್ಲ

ನನ್ನ ಗಂಟಲಿನಲ್ಲಿ ಹದಿನೇಳು ಜನ ಬಾಡಿಗೆಗಿದ್ದರು. ಹೋದ ತಿಂಗಳು ಅವರಲ್ಲಿ ಒಬ್ಬ ಖಾಲಿ ಮಾಡಿಕೊಂಡು ಹೋದ.

ಗಾಬರಿ ಬೇಡ, ಕಾಯಿಲೆಯಲ್ಲ. ಈ ಅಂಕಣ ಓದುತ್ತಾ ಬಂದವರಿಗೆ ಗೊತ್ತಿರುವ ಹಾಗೆ ನಾನು ಮಿಮಿಕ್ರಿ ಮಾಡುವವನು. ನಮ್ಮೂರ ಡೈರಿಯ ಸೆಕ್ರೆಟರಿ, ದೇವನಹಳ್ಳಿ ಬಸ್ಸಿನ ಕಂಡಕ್ಟರ್, 'ಸ್ವಲ್ಪ ಬೇಗ ಕಳಿಸಿ' ಎಂದು ಪ್ರತಿ ವಾರ ಫೋನು ಮಾಡುವ ಸಂಪಾದಕರು (ಈ ಸಾಲು ಅಚ್ಚಾಗಿದ್ದರೆ ಅವರು ದೊಡ್ಡ ಮನಸ್ಸಿನವರು ಎಂದರ್ಥ), ಸೀನು ಬಂದರೆ ಮನೆಯೇ ಅದುರುವಂತೆ ಸೀನುವ ನನ್ನ ಅಪ್ಪ, ಎಲ್ಲರೂ ಒಳಗಿದ್ದಾರೆ. ಕರೆದಾಗ ಬರುತ್ತಾರೆ. ಕೆಲವು ಸಲ ಕರೆಯದಿದ್ದರೂ ಬರುತ್ತಾರೆ. ಹೋದ ವರ್ಷ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪನಿಗೆ ಉತ್ತರ ಕೊಡುವ ಜಾಗದಲ್ಲಿ ಬಾಯಿ ತಪ್ಪಿ ಡೈರಿ ಸೆಕ್ರೆಟರಿ ಹೊರಗೆ ಬಂದು, ಆ ಸಂಬಂಧ ಕಾಫಿಯ ಲೋಟದಲ್ಲೇ ಮುಗಿಯಿತು.

ಖಾಲಿ ಮಾಡಿದವನ ಹೆಸರು ಪಿಳ್ಳಪ್ಪಣ್ಣ. ಹದಿನೇಳು ಜನರಲ್ಲಿ ಅವನೇ ನನ್ನ ಸೂಪರ್‌ಹಿಟ್.

ನಮ್ಮೂರು ಕುಂದಾಣದಿಂದ ಸೈಕಲ್ಲಿನಲ್ಲಿ ಅರ್ಧ ಗಂಟೆ. ಊರಿನ ಹೆಸರು ಬೇಡ. ಪೂರ್ತಿ ಓದಿದ ಮೇಲೆ ನಿಮಗೂ ಬೇಡ ಅನ್ನಿಸುತ್ತದೆ. ಪಿಳ್ಳಪ್ಪಣ್ಣ ಅಲ್ಲಿಯ ನೀರುಗಂಟಿ. ಅಂದರೆ ಬೆಳಗ್ಗೆ ಟ್ಯಾಂಕಿನಿಂದ ಬೀದಿ ಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವವನು. ಐವತ್ತೆಂಟು ಅರವತ್ತರ ಆಸುಪಾಸು. ಮೂಳೆ ಮತ್ತು ಮೀಸೆ ಬಿಟ್ಟರೆ ಮೈಮೇಲೆ ಹೆಚ್ಚೇನೂ ಇಲ್ಲ. ಪಂಚಾಯ್ತಿಯಲ್ಲಿ ಕೆಲಸ, ಆದರೆ ಕಾಯಂ ಅಲ್ಲ. ಕಾಯಂ ಆಗುವವರ ಪಟ್ಟಿಯಲ್ಲಿ ಈ ಸಲ ತನ್ನ ಹೆಸರು ಇದೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದ. (ಊರಿನಲ್ಲಿ ಎಲ್ಲರೂ ಅವನಿಗೆ ಏಕವಚನವೇ. ಅವನಿಗಿಂತ ಮೂವತ್ತು ವರ್ಷ ಚಿಕ್ಕವನಾದ ನಾನೂ ಈಗ ಅದನ್ನೇ ಬರೆಯುತ್ತಿದ್ದೇನೆ. ನೀರು ಬಿಡುವವನಿಗೆ ಹೆಸರಿನ ಕೊನೆಗೆ ಒಂದು 'ಅಣ್ಣ' ಸೇರಿಸಿದರೆ ಸಾಕು, ನಮ್ಮ ಮರ್ಯಾದೆಯ ಕೋಟಾ ಅಲ್ಲಿಗೆ ಮುಗಿಯುತ್ತದೆ.)

ಅವನ ಆಸ್ತಿ ಮೂರು. ಒಂದು ಸೈಕಲ್. ಅದರ ನಡುಗಂಬಿಗೆ ಕಟ್ಟಿದ, ವಾಲ್ವ್ ತಿರುಗಿಸುವ ಎದೆಯೆತ್ತರದ ಕಬ್ಬಿಣದ ಕೋಲು. ಮತ್ತೆ ಹ್ಯಾಂಡಲ್ಲಿಗೆ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದ ಒಂದು ಸ್ಪೀಕರ್. ಗಾತ್ರ ಚೊಂಬಿನಷ್ಟು, ಸದ್ದು ಮದುವೆ ಛತ್ರದಷ್ಟು.

ಆ ಸ್ಪೀಕರ್‌ಗೆ ಒಂದು ಪೆನ್‌ಡ್ರೈವ್ ಚುಚ್ಚಿರುತ್ತಿತ್ತು. ಬೆಳಗ್ಗೆ ಟ್ಯಾಂಕಿನ ಹತ್ತಿರ ಆನ್ ಮಾಡಿದರೆ ಮೊದಲ ಹಾಡಿನಿಂದ ಶುರು. ಹಾಡಿಗೊಂದು ಬೀದಿ. ಅವನು ಹಾಗೆ ಲೆಕ್ಕ ಹಾಕಿ ಮಾಡಿದ್ದಲ್ಲ, ಅವನ ತುಳಿತ ಯಾವತ್ತೂ ಒಂದೇ ವೇಗವಾದ್ದರಿಂದ ತಾನಾಗಿ ಆದದ್ದು. ನಮ್ಮ ಬೀದಿಗೆ ನೀರು ಬರುವುದು ನಾಲ್ಕನೇ ಹಾಡಿಗೆ. ಮೂರನೆಯದು ಮುಗಿಯುವಷ್ಟರಲ್ಲಿ ನನ್ನ ಅಮ್ಮ ಡ್ರಮ್ಮು ತೊಳೆದು, ಪೈಪು ಸಿಕ್ಕಿಸಿ, ನನ್ನನ್ನು ಎರಡು ಸಲ ಬೈದು ಮುಗಿಸಿರುತ್ತಿದ್ದಳು. ಗಡಿಯಾರ ನೋಡಿದವರಿಲ್ಲ. ಹಾಡು ಕೇಳಿದರೆ ಸಾಕು, ಕೊಡಗಳು ಹೊರಗೆ ಬರುತ್ತಿದ್ದವು.

ಆ ಹಾಡುಗಳನ್ನು ತುಂಬಿಕೊಟ್ಟವನು ನಾನೇ. ಐದು ವರ್ಷದ ಹಿಂದೆ ಪೆನ್‌ಡ್ರೈವ್ ಹಿಡಿದುಕೊಂಡು ಮನೆಗೆ ಬಂದಿದ್ದ.

"ಯಾವ ಹಾಡು ಹಾಕ್ಲಣ್ಣ?" ಎಂದೆ.

"ಯಾವ್ದಾದ್ರೂ ಹಾಕಪ್ಪ. ಜೋರಾಗಿರ್ಲಿ."

"ಹಳೇದಾ, ಹೊಸದಾ?"

"ಜೋರಾಗಿರೋದು."

ಟೇಸ್ಟ್ ಇಲ್ಲದ ಮನುಷ್ಯ ಎಂದುಕೊಂಡೆ. ಅದನ್ನೇ ಅವನ ಸ್ವರದಲ್ಲಿ ನಾಲ್ಕು ಜನಕ್ಕೆ ಹೇಳಿ ನಗಿಸಿಯೂ ಬಿಟ್ಟೆ.

ಇಲ್ಲಿ ಒಂದು ಮಾತು. ಸೈಕಲ್ ಮೇಲೆ ಸ್ಪೀಕರ್ ಹಾಕಿಕೊಂಡು ಹೋಗುವವರನ್ನು ಕಂಡರೆ ನಮಗೆಲ್ಲ ಏನೋ ಒಂದು ಅಸಡ್ಡೆ. ಏರ್‌ಪೋರ್ಟ್ ಕಡೆಯ ಕಟ್ಟಡಗಳಲ್ಲಿ ಕೆಲಸ ಮುಗಿಸಿ ಸಂಜೆ ಸಾಲಾಗಿ ಬರುವ ಹೊರರಾಜ್ಯದ ಕೆಲಸಗಾರರ ಹ್ಯಾಂಡಲ್ಲಿನಲ್ಲಿ ಅವರವರ ಊರಿನ ಹಾಡು. ಹುಲ್ಲಿನ ಹೊರೆ ಹೇರಿಕೊಂಡು, ತಾನೇ ಕಾಣದಷ್ಟು ಹುಲ್ಲಿನೊಳಗೆ ಕೂತು ತುಳಿಯುವವನ ಹತ್ತಿರವೂ ಒಂದು ಡಬ್ಬ. 'ಶೋಕಿ ನೋಡು' ಎನ್ನುತ್ತೇವೆ. ಕಾರಿನವನು ಗ್ಲಾಸ್ ಏರಿಸಿ ಡೋರು ನಡುಗುವಂತೆ ಹಾಕಿಕೊಂಡರೆ ಅದು ಮ್ಯೂಸಿಕ್ ಸಿಸ್ಟಮ್. ಬೈಕಿನವನು ಹೆಲ್ಮೆಟ್ಟಿನೊಳಗೆ ಇಯರ್‌ಫೋನ್ ತುರುಕಿಕೊಂಡರೆ ಅದು ಸ್ಟೈಲು. ಸೈಕಲ್ಲಿಗೆ ಗ್ಲಾಸಿಲ್ಲ, ಹೆಲ್ಮೆಟ್ಟಿಲ್ಲ. ಅವನ ಹಾಡು ಬೀದಿಗೆ ಬಿದ್ದೇ ಬೀಳುತ್ತದೆ. ಬೀದಿಗೆ ಬಿದ್ದದ್ದಕ್ಕೆಲ್ಲ ನಮ್ಮದೊಂದು ಕಾಮೆಂಟು.

ಅವನು ಯಾಕೆ ಹಾಕಿಕೊಂಡಿದ್ದಾನೆ ಎಂದು ಒಬ್ಬನನ್ನಾದರೂ ನಿಲ್ಲಿಸಿ ಕೇಳಿದ್ದೀರಾ? ನಾನು ಕೇಳಿರಲಿಲ್ಲ. ನನಗೆ ಕೇಳುವುದಕ್ಕಿಂತ ಅಣಕಿಸುವುದು ಸುಲಭ.

ನನ್ನ ಪಿಳ್ಳಪ್ಪಣ್ಣ ಐಟಂ ಹೀಗಿರುತ್ತಿತ್ತು. ಕೈಯಲ್ಲಿ ಒಂದು ಪೊರಕೆಯ ಕೋಲು. ಅದನ್ನು ನೆಲಕ್ಕೆ ಊರಿ, ತುದಿಯ ಮೇಲೆ ಅಂಗೈ ಇಟ್ಟು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವನ ಹಾಗೆ ಕಣ್ಣು ಮುಚ್ಚುವುದು. ಹಾಡಿನ ತಾಳಕ್ಕೆ ತಲೆ ಆಡಿಸುವುದು. ಹಿಂದಿನಿಂದ ಒಬ್ಬ 'ಪಿಳ್ಳಪ್ಪಣ್ಣೋ' ಎಂದು ಕೂಗಬೇಕು. ತಿರುಗಬಾರದು. ಎರಡನೇ ಸಲ ಕೂಗಬೇಕು. ತಿರುಗಬಾರದು. ಮೂರನೇ ಸಲ ಭುಜ ಮುಟ್ಟಿದಾಗ ಹಾವು ತುಳಿದವನಂತೆ ಹಾರಿ, ಮೀಸೆಯಲ್ಲೇ ನಕ್ಕು, ಮೂಗಿನಲ್ಲಿ ಒಂದು ಡೈಲಾಗ್:

"ಆಂ? ಹಾಡಾಕಿದ್ದೆ ಕಣಪ್ಪ, ಕೇಳಿಸ್ಲಿಲ್ಲ."

ಚಪ್ಪಾಳೆ ಗ್ಯಾರಂಟಿ. ಸ್ಕೂಲ್ ಡೇಯಲ್ಲಿ ಮಾಡಿದ್ದೇನೆ, ಗೆಳೆಯರ ನಿಶ್ಚಿತಾರ್ಥದಲ್ಲಿ ಮಾಡಿದ್ದೇನೆ. ಪಿಳ್ಳಪ್ಪಣ್ಣನ ಎದುರೇ ಮಾಡಿದ್ದೇನೆ. ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದವನು ಅವನೇ. ಪಕ್ಕದವರ ಮುಖ ನೋಡುತ್ತಿದ್ದ, ಅವರು ನಕ್ಕ ಕೂಡಲೇ ತೊಡೆ ತಟ್ಟಿಕೊಂಡು ನಗುತ್ತಿದ್ದ. ನನ್ನ ಬೆಸ್ಟ್ ಐಟಂಗೆ ಅವನು ಬೆಸ್ಟ್ ಆಡಿಯೆನ್ಸ್.

ಆ ಅಂಗೈ ವಿಚಾರ ಹೇಳಬೇಕು. ನೀರುಗಂಟಿಗಳು ವಾಲ್ವಿಗೆ ಕೋಲು ಇಟ್ಟು ತಿರುಗಿಸಿದ ಮೇಲೆ ಕೋಲಿನ ತುದಿಗೆ ಕಿವಿ ಇಡುತ್ತಾರೆ. ಪೈಪಿನಲ್ಲಿ ನೀರು ಹರಿಯುತ್ತಿದೆಯೋ ಬರೀ ಗಾಳಿಯೋ, ಸದ್ದಿನಲ್ಲೇ ಗೊತ್ತಾಗುತ್ತದೆ. ಗಾಳಿ ಬಂದರೆ ಬೋರ್‌ವೆಲ್ಲಿನಿಂದ ಟ್ಯಾಂಕಿಗೆ ನೀರು ಏರುತ್ತಿಲ್ಲ ಎಂದರ್ಥ, ಓಡಿಹೋಗಿ ಮೋಟಾರು ಆಫ್ ಮಾಡಬೇಕು, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ನಾನು ಚಿಕ್ಕವನಿದ್ದಾಗ ಪಿಳ್ಳಪ್ಪಣ್ಣನೂ ಹಾಗೇ ಕಿವಿ ಇಡುತ್ತಿದ್ದ. ಈಚೆಗೆ ಕೆಲವು ವರ್ಷಗಳಿಂದ ಕಿವಿ ಬಿಟ್ಟು ಅಂಗೈ ಇಡಲು ಶುರು ಮಾಡಿದ್ದ. ಊರಿನಲ್ಲಿ ಯಾರೂ ಇದನ್ನು ಗಮನಿಸಿರಲಿಲ್ಲ. ನಾನು ಗಮನಿಸಿದ್ದೆ. ಮಿಮಿಕ್ರಿಯವನ ಕಣ್ಣಿಗೆ ಇಂಥದ್ದೇ ಮೊದಲು ಬೀಳುವುದು.

ಗಮನಿಸಿ ಏನು ಮಾಡಿದೆ? ಐಟಂಗೆ ಸೇರಿಸಿಕೊಂಡೆ.

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ. ಟೀ ಅಂಗಡಿಯ ಮುಂದೆ ನಾವು ಏಳೆಂಟು ಜನ. ಅಂಗಡಿಯ ಎದುರಿಗೇ ಒಂದು ವಾಲ್ವ್ ಗುಂಡಿ, ಅದರ ಮುಚ್ಚಳದ ಮೇಲೆ ಎರಡು ಹಳದಿ ಚುಕ್ಕೆ. ಪಿಳ್ಳಪ್ಪಣ್ಣನಿಗೆ ಅಕ್ಷರ ಬಾರದು. ಯಾವ ಗುಂಡಿ ಯಾವ ಬೀದಿಯದು ಎಂದು ಬಣ್ಣದ ಚುಕ್ಕೆಗಳಲ್ಲೇ ಬರೆದಿಟ್ಟುಕೊಂಡಿದ್ದ. (ಅದರ ಮೇಲೂ ನನ್ನದೊಂದು ಜೋಕಿತ್ತು, ಈಗ ಹೇಳುವುದಿಲ್ಲ.) ಆ ಗುಂಡಿಗೆ ಬರುವ ಮುಂಚೆ ಸೈಕಲ್ ಸ್ಟ್ಯಾಂಡ್ ಹಾಕಿ, ಸ್ಪೀಕರ್ ಆಫ್ ಮಾಡಿ, ಒಂದು ಟೀ ಕುಡಿಯುವುದು ಅವನ ಪದ್ಧತಿ.

ನನ್ನ ಫೋನಿನಲ್ಲಿ ಒಂದು ರೆಕಾರ್ಡಿಂಗ್ ರೆಡಿ ಇತ್ತು. ಹಿಂದಿನ ದಿನ ಬಚ್ಚಲುಮನೆಯಲ್ಲಿ ಕೂತು ಮಾಡಿದ್ದು, ಎಕೋ ಚೆನ್ನಾಗಿ ಬರುತ್ತದೆ.

ಸ್ಪೀಕರಿನ ಬೆನ್ನಿಗೆ ಒಂದು ಬಟನ್ ಇರುತ್ತದೆ. ಒತ್ತಿದರೆ ಪೆನ್‌ಡ್ರೈವ್ ಬಿಟ್ಟು ಬ್ಲೂಟೂತ್‌ಗೆ ಬರುತ್ತದೆ. ಆಮೇಲೆ ಹತ್ತಿರದಲ್ಲಿರುವ ಯಾರ ಫೋನಿನಿಂದ ಬೇಕಾದರೂ ಅದನ್ನು ಮಾತಾಡಿಸಬಹುದು. ಅವನು ಟೀಗೆ ಬೆನ್ನು ತಿರುಗಿಸಿದಾಗ ಸ್ಪೀಕರ್ ಆನ್ ಮಾಡಿ ಅದನ್ನು ಒತ್ತಿದೆ. ನನ್ನ ಗೆಳೆಯ ಮಂಜನಿಗೆ "ಕ್ಯಾಮೆರಾ ರೆಡಿ ಇಟ್ಕೊಳ್ಳೋ" ಎಂದೆ. ಅನುಮಾನ ಬಾರದಿರಲಿ ಎಂದು ನನ್ನ ಫೋನಿನಿಂದ ಮೊದಲು ಯಾವುದೋ ಒಂದು ಹಾಡು ಹಾಕಿದೆ.

ಪಿಳ್ಳಪ್ಪಣ್ಣ ಟೀ ಮುಗಿಸಿ ಬಂದ. ಸ್ಪೀಕರ್ ಆಗಲೇ ಹಾಡುತ್ತಿದೆಯಲ್ಲ ಎಂದು ಅವನಿಗೆ ಅನ್ನಿಸಲಿಲ್ಲ. ಆನ್ ಮಾಡಲು ಕೈ ಚಾಚಿದವನು, ಅದರ ಮೇಲೆ ಅಂಗೈ ಇಟ್ಟ. ಒಂದು ಕ್ಷಣ ಹಾಗೇ ಇದ್ದ. ಸರಿ ಎನ್ನುವಂತೆ ತಲೆ ಆಡಿಸಿ, ಕೋಲು ಬಿಚ್ಚಿಕೊಂಡು ಗುಂಡಿಯ ಕಡೆ ಹೋದ.

ನಾನು ರೆಕಾರ್ಡಿಂಗ್ ಒತ್ತಿದೆ.

ಸ್ಪೀಕರಿನಿಂದ ಪಿಳ್ಳಪ್ಪಣ್ಣನ ಸ್ವರ ಹೊರಟಿತು. ನನ್ನ ಪಿಳ್ಳಪ್ಪಣ್ಣ, ಆದರೆ ಅವನ ಹೆಂಡತಿಯೂ ಮೋಸ ಹೋಗಬೇಕು, ಅಂಥದ್ದು.

"ಸಾರ್ವಜನಿಕರಲ್ಲಿ ವಿನಂತಿ. ನಾನು ಪಿಳ್ಳಪ್ಪ ಮಾತಾಡ್ತಾ ಇರೋದು. ಇವತ್ತು ಮೂರನೇ ಬೀದಿಗೆ ನೀರಿಲ್ಲ. ಸ್ನಾನ ಬೇಕಾದೋರು ಟವಲ್ ತಗೊಂಡು ಮೆಂಬರ್ ಮನೆ ಸಂಪಿಗೆ ಹೋಗಿ. ನಾಕನೇ ಬೀದಿಯೋರು ಹೋದ ವಾರನೇ ಸ್ನಾನ ಮಾಡವ್ರೆ, ಅವ್ರಿಗೆ ಈ ವಾರ ರಜಾ. ನನ್ನೆಂಡ್ತಿ ಬೆಳಗ್ಗೆ ಬೈದಿದ್ದಕ್ಕೆ ಟ್ಯಾಂಕಿನ್ ನೀರೆಲ್ಲ ನನ್ ಕಣ್ಣಾಗೇ ಹೊಂಟೋಗೈತೆ..."

ಟೀ ಅಂಗಡಿ ಬಿದ್ದು ಬಿದ್ದು ನಕ್ಕಿತು. ಒಬ್ಬ ಬನ್ನು ಗಂಟಲಿಗೆ ಸಿಕ್ಕಿಸಿಕೊಂಡ. ನಾನು ಕಾಯುತ್ತಿದ್ದೆ. ಈಗ ತಿರುಗುತ್ತಾನೆ, ಈಗ ಬೈಯುತ್ತಾನೆ, ಕೋಲು ಎತ್ತಿಕೊಂಡು ಅಟ್ಟಿಸಿಕೊಂಡು ಬರುತ್ತಾನೆ. ನಾನು ಎತ್ತ ಓಡಬೇಕು ಎಂದೂ ನೋಡಿಟ್ಟುಕೊಂಡಿದ್ದೆ.

ಅವನು ತಿರುಗಲಿಲ್ಲ. ವಾಲ್ವ್ ತಿರುಗಿಸಿದ. ಕೋಲಿನ ತುದಿಗೆ ಅಂಗೈ ಇಟ್ಟ. ಕಣ್ಣು ಮುಚ್ಚಿದ. ನಿಧಾನಕ್ಕೆ ತಲೆ ಆಡಿಸತೊಡಗಿದ. ಹಾಡಿನ ತಾಳಕ್ಕೆ.

ಯಾವ ಹಾಡಿನ?

ಸ್ಪೀಕರಿನಲ್ಲಿ ಹಾಡೇ ಇರಲಿಲ್ಲ. ಅವನದೇ ಸ್ವರ ಅವನದೇ ಕಣ್ಣೀರಿನ ಕಥೆ ಹೇಳುತ್ತಿತ್ತು. ಅವನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಇಲ್ಲದ ಹಾಡಿಗೆ, ಬೆರಳಿನಿಂದ ಕೋಲಿನ ಮೇಲೆ ತಾಳ ಹಾಕುತ್ತಿದ್ದ.

ನಗು ಒಂದೇ ಸಲ ನಿಲ್ಲಲಿಲ್ಲ. ಮೊದಲು ಟೀ ಅಂಗಡಿಯವನದು ನಿಂತಿತು. ಆಮೇಲೆ ಬನ್ನಿನವನದು. ಒಬ್ಬೊಬ್ಬರಾಗಿ ಕೊನೆಗೆ ನನ್ನದು. ಎಲ್ಲರೂ ಸುಮ್ಮನಾದ ಮೇಲೆ ಪಿಳ್ಳಪ್ಪಣ್ಣ ಕಣ್ಣು ಬಿಟ್ಟ. ನಾವೆಲ್ಲ ತನ್ನನ್ನೇ ನೋಡುತ್ತಿರುವುದು ಕಂಡಿತು. ಏನೋ ತಮಾಷೆ ನಡೆದಿರಬೇಕು ಎಂದುಕೊಂಡು ತೊಡೆ ತಟ್ಟಿ ನಕ್ಕ. ಜೊತೆಗೆ ನಗಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಮಂಜನ ಕೈಯಲ್ಲಿ ಫೋನು ಎತ್ತಿದಂತೆಯೇ ಇತ್ತು. ಅದನ್ನು ನೋಡಿದ ಪಿಳ್ಳಪ್ಪಣ್ಣ, "ಏನ್ ಗುರು, ಫೋಟೋನಾ? ತೆಗಿ, ತೆಗಿ" ಎಂದು ಅಂಗಿಯ ಕಾಲರ್ ಸರಿ ಮಾಡಿಕೊಂಡು ನೆಟ್ಟಗೆ ನಿಂತ.

ನಾನು ಸ್ಪೀಕರ್ ಆಫ್ ಮಾಡಿದೆ. ಅವನಿಗೆ ಅದೂ ಗೊತ್ತಾಗಲಿಲ್ಲ. ಸೈಕಲ್ ಹತ್ತಿ, ಸದ್ದೇ ಇಲ್ಲದ ಸ್ಪೀಕರ್ ಕಟ್ಟಿಕೊಂಡು, ತಲೆ ಆಡಿಸುತ್ತಾ ಮೂರನೇ ಬೀದಿಗೆ ತಿರುಗಿದ.

"ಲೇ, ಇವ್ನಿಗೆ ಕಿವಿನೇ ಕೇಳ್ಸಲ್ವಲ್ಲೋ" ಎಂದ ಮಂಜ.

"ಡಿಲೀಟ್ ಮಾಡೋ ಅದನ್ನ."

"ಮಾಡ್ತೀನಿ ಬಿಡೋ."

ಮಾಡಿದ. ಸ್ಟೇಟಸ್‌ಗೆ ಹಾಕಿದ ಮೇಲೆ. ಮಂಜನ ಮೇಲೆ ತಪ್ಪು ಹೊರಿಸುತ್ತಿಲ್ಲ. ಕ್ಯಾಮೆರಾ ರೆಡಿ ಇಟ್ಕೊ ಎಂದವನು ನಾನು. ರೆಡಿ ಇಟ್ಟುಕೊಂಡ ಕ್ಯಾಮೆರಾ ಕಂಡದ್ದನ್ನು ಕಂಡಂತೆ ಹಿಡಿಯಿತು, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಅದು ನನಗೇ ಮೂರು ಗ್ರೂಪುಗಳಿಂದ ವಾಪಸು ಬಂತು. ಒಂದರ ಕೆಳಗೆ 'ಸೂಪರ್ ಗುರು, ನಿನ್ನ ಟ್ಯಾಲೆಂಟ್‌ಗೆ ನಮಸ್ಕಾರ' ಎಂದಿತ್ತು.

ಬುಧವಾರ ಪಂಚಾಯ್ತಿ ಆಫೀಸಿನಿಂದ ಫೋನು. ಹೋದೆ. ಪಿಡಿಓ ಮೇಡಂ ಕೂತಿದ್ದರು. ಪಕ್ಕದಲ್ಲಿ, ನಾನು ಸ್ನಾನಕ್ಕೆ ಜನ ಕಳಿಸಿದ್ದ ಸಂಪಿನ ಒಡೆಯರಾದ ಮೆಂಬರು. ಮೇಜಿನ ಮುಂದೆ ಪಿಳ್ಳಪ್ಪಣ್ಣ, ಕೈಯಲ್ಲಿ ವಾಲ್ವಿನ ಕೋಲು. ಯಾಕೆ ಕರೆದಿದ್ದಾರೆ ಎಂದು ಅವನಿಗೆ ಪೂರ್ತಿ ತಿಳಿದಿರಲಿಲ್ಲ. ನನ್ನನ್ನು ನೋಡಿ ಒಂದು ನಗೆ ನಕ್ಕ. ನಮ್ಮವನು ಒಬ್ಬ ಬಂದ ಎನ್ನುವ ನಗೆ.

"ವಿಡಿಯೋದಲ್ಲಿರೋ ವಾಯ್ಸ್ ನಿಮ್ದಾ?" ಎಂದರು ಮೇಡಂ.

"ಹೌದು ಮೇಡಂ. ತಮಾಷೆಗೆ."

"ಅದಿರ್ಲಿ. ನಿಮಗೆ ಕಂಡ ಹಾಗೆ ಇವ್ರಿಗೆ ಕಿವಿ ಕೇಳಿಸುತ್ತಾ?"

ವಿಚಾರ ಇಷ್ಟೇ. ಬೇಸಿಗೆಯಲ್ಲಿ ಬೋರ್‌ವೆಲ್ಲಿನ ಮೋಟಾರು ಎರಡು ಸಲ ಸುಟ್ಟಿತ್ತು. ಕರೆಂಟಿನ ಏರಿಳಿತಕ್ಕೆ ಸುಟ್ಟದ್ದು ಎಂದು ರಿಪೇರಿಯವನೇ ಹೇಳಿದ್ದ. ಆದರೆ ಈಗ ಎಲ್ಲರಿಗೂ ಇನ್ನೊಂದು ಉತ್ತರ ಸಿಕ್ಕಿತ್ತು. ಗಾಳಿಯ ಸದ್ದು ಕೇಳದ ನೀರುಗಂಟಿ. ಆ ಉತ್ತರಕ್ಕೆ ವಿಡಿಯೋ ಬೇರೆ ಇತ್ತು.

ಎರಡು ವರ್ಷದಿಂದ ಅವನು ಕಾಯುತ್ತಿದ್ದ ಪಟ್ಟಿ ಆ ಮೇಜಿನ ಮೇಲೇ ಎಲ್ಲೋ ಇತ್ತು. ನಾನು ಒಂದು ಸುಳ್ಳು ಹೇಳಿದರೆ ಸಾಕಾಗಿತ್ತು. ಹೇಳಿದೆ.

"ಹಾಡು ಹಾಕಿದ್ರು ಮೇಡಂ, ಅದಕ್ಕೆ ಕೇಳಿಸಿಲ್ಲ."

"ಎಲ್ಲಪ್ಪ ಹಾಡು?" ಎಂದರು ಮೆಂಬರು. "ವಿಡಿಯೋ ಪೂರ್ತಿ ನಿಂದೇ ಭಾಷಣ. ನನ್ ಸಂಪಿಗೆ ಟವಲ್ ತಗೊಂಡ್ ಬರ್ರಿ ಅಂದಿದ್ದೀಯ."

ಅಷ್ಟು ಚೆನ್ನಾಗಿ ಮಾಡಿದ್ದೆ. ಒಂದೊಂದು ಅಕ್ಷರವೂ ಸ್ಪಷ್ಟ.

ಪಿಳ್ಳಪ್ಪಣ್ಣ ನಮ್ಮ ಬಾಯಿಗಳನ್ನೇ ಒಂದಾದ ಮೇಲೊಂದು ನೋಡುತ್ತಿದ್ದ. ಅವನಿಗೆ ಅರ್ಧ ತಿಳಿದಿರಬೇಕು. "ಕೈಗೆ ಗೊತ್ತಾಗುತ್ತೆ ಮೇಡಂ" ಎಂದ. "ಗಾಳಿ ಬಂದ್ರೆ ಕೋಲು ಹಿಂಗಿಂಗೆ ತಟ್ಟುತ್ತೆ. ನೀರ್ ಬಂದ್ರೆ ಸಣ್ಣಗೆ ನಡುಗುತ್ತೆ. ನಂಗ್ಯಾವತ್ತೂ ತಪ್ಪಿಲ್ಲ." ಹೇಳುತ್ತಾ ಮೇಜಿನ ಮೇಲೆ ಅಂಗೈ ಇಟ್ಟು ತೋರಿಸಿದ.

"ಒಂದು ಟೆಸ್ಟ್ ಮಾಡನ" ಎಂದು ಮೆಂಬರು ಎದ್ದು ಅವನ ಹಿಂದೆ ಹೋಗಿ ನಿಂತರು. ಹಿಂದಿನಿಂದ ಹೆಸರು ಕರೆಯುವುದು, ತಿರುಗುತ್ತಾನೋ ಇಲ್ಲವೋ ನೋಡುವುದು. ನನ್ನ ಐಟಂ. ನಾನು ಊರೂರಿನಲ್ಲಿ ಆಡಿಸಿದ್ದ ಅದೇ ಐಟಂ.

ನಾನು ಪಿಳ್ಳಪ್ಪಣ್ಣನ ಎದುರಿಗಿದ್ದೆ. ಅವನು ನನ್ನ ಮುಖ ನೋಡುತ್ತಿದ್ದ. ಮೆಂಬರು ಕರೆದ ಕೂಡಲೇ ನಾನು ಕಣ್ಣಿನಲ್ಲಿ ಸನ್ನೆ ಮಾಡಿದರೆ 'ಏನ್ ಸಾರ್' ಎಂದು ತಿರುಗುತ್ತಾನೆ, ಬಚಾವು. ಮೆಂಬರು ಗಂಟಲು ಸರಿ ಮಾಡಿಕೊಂಡ ಸದ್ದು ಬಂತು. ಗಾಬರಿಯಲ್ಲಿ ನಾನು ಹುಬ್ಬು ಎತ್ತಿಬಿಟ್ಟೆ.

"ಏನ್ ಸಾರ್" ಎಂದು ಪಿಳ್ಳಪ್ಪಣ್ಣ ಥಟ್ಟನೆ ತಿರುಗಿದ.

ಮೆಂಬರು ಇನ್ನೂ ಬಾಯಿಯೇ ತೆರೆದಿರಲಿಲ್ಲ.

ಮಿಮಿಕ್ರಿಯವನಿಗೆ ಟೈಮಿಂಗೇ ಎಲ್ಲ ಎಂದು ಇದೇ ಅಂಕಣದಲ್ಲಿ ಒಮ್ಮೆ ಕೊಚ್ಚಿಕೊಂಡಿದ್ದೆ. ನೆನಪಿದ್ದರೆ ಮರೆತುಬಿಡಿ.

ಆಫೀಸಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. "ಪಿಳ್ಳಪ್ಪನವರೇ" ಎಂದು ನಿಧಾನವಾಗಿ, ತುಟಿ ಕಾಣುವಂತೆ ಹೇಳಿದರು. "ಆಸ್ಪತ್ರೆಗೆ ಹೋಗಿ, ಕಿವಿ ಸರಿ ಇದೆ ಅಂತ ಒಂದು ಸರ್ಟಿಫಿಕೇಟ್ ತಂದುಬಿಡಿ. ಅಲ್ಲೀತನಕ ಬೇರೆಯವ್ರು ನೀರು ಬಿಡ್ತಾರೆ." ಇಡೀ ಊರಿನಲ್ಲಿ ಅವನಿಗೆ ಬಹುವಚನ ಕೊಟ್ಟವರು ಅವರೊಬ್ಬರೇ. ಕೆಲಸದಿಂದ ಇಳಿಸಿದವರೂ ಅವರೇ.

ಪಿಳ್ಳಪ್ಪಣ್ಣ ಕೋಲನ್ನು ಗೋಡೆಗೆ ಒರಗಿಸಿದ. ಜಾರಿ ಬೀಳುತ್ತದೇನೋ ಎಂದು ಎರಡು ಸಲ ಸರಿ ಮಾಡಿದ. ಹೋಗುವಾಗ ನನ್ನ ಭುಜ ತಟ್ಟಿದ. ಯಾಕೆ ತಟ್ಟಿದ? ನಾನು ತನ್ನ ಪರವಾಗಿ ಮಾತಾಡಿದೆ ಎಂದುಕೊಂಡನೇ? ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲು ಧೈರ್ಯ ಬಂದಿಲ್ಲ.

ಈಗ ಹೊಸಬ ಬರುತ್ತಾನೆ. ಬೈಕಿನಲ್ಲಿ. ಕಿವಿ ಚೆನ್ನಾಗಿದೆ, ಎರಡರಲ್ಲೂ ಇಯರ್‌ಫೋನ್ ಇರುತ್ತದೆ. ನೀರು ಬಿಟ್ಟ ಮೇಲೆ ವಾಟ್ಸಾಪ್ ಗ್ರೂಪಿಗೆ 'ವಾಟರ್ ಆನ್' ಎಂದು ಹಾಕುತ್ತಾನೆ. ನಮ್ಮ ಬೀದಿಯ ಮುಕ್ಕಾಲು ಹೆಂಗಸರ ಹತ್ತಿರ ಬಟನ್ ಫೋನು. ನೀರು ಬಂದದ್ದು ಗೊತ್ತಾಗುವುದು ನಿಂತ ಮೇಲೆ. ಚುಕ್ಕೆಗಳ ಲೆಕ್ಕ ಅವನಿಗೆ ಯಾರೂ ಹೇಳಿಕೊಡಲಿಲ್ಲ, ಅವನೂ ಹೋಗಿ ಕೇಳಲಿಲ್ಲ. ಮೊದಲ ವಾರ ನಮ್ಮ ಪಾಲಿನ ನೀರು ಊರಾಚೆಯ ಲೇಔಟಿನ ಖಾಲಿ ಸೈಟುಗಳ ಕಡೆ ಹರಿಯಿತು. ಅಲ್ಲಿ ಕಲ್ಲು ನೆಟ್ಟಿದ್ದಾರೆ, ಮನೆ ಇಲ್ಲ. ಕಲ್ಲುಗಳಿಗೆ ಚೆನ್ನಾಗಿ ಸ್ನಾನವಾಯಿತು.

ಅಮ್ಮ ಖಾಲಿ ಡ್ರಮ್ಮಿನ ಮುಂದೆ ನಿಂತು ನನ್ನ ಕಡೆ ತಿರುಗಿದಳು. "ನಿನ್ ಬಾಯಲ್ಲೇ ಆ ನಾಕನೇ ಹಾಡು ಹಾಡಪ್ಪ, ನೀರ್ ಬಂದಾತೇನೋ ನೋಡನ" ಎಂದಳು. ತಮಾಷೆಯಾಗಿ ಹೇಳಿದ್ದರೆ ಚೆನ್ನಾಗಿತ್ತು.

ಹೋದ ಭಾನುವಾರ ಪಿಳ್ಳಪ್ಪಣ್ಣನ ಮನೆಗೆ ಹೋದೆ. ಅವನು ಬಾಗಿಲ ಮುಂದಿನ ಜಗಲಿಯ ಮೇಲೆ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ. ಹೋಗುವ ಜಾಗ ಇಲ್ಲದ ಸೈಕಲ್ಲಿಗೆ ಅಷ್ಟು ಎಣ್ಣೆ. ಹೆಂಡತಿ ನಾರಾಯಣಮ್ಮ ಪಕ್ಕದಲ್ಲಿ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಟಕ್, ಟಕ್. ಕಿಟಕಿಯಲ್ಲಿ ಸ್ಪೀಕರ್, ಟ್ಯೂಬಿನ ಪಟ್ಟಿಯ ಸಮೇತ.

"ಆಸ್ಪತ್ರೆಗೆ ಹೋಗಿದ್ರಾ ನಾರಾಯಣಕ್ಕ?" ಎಂದೆ.

"ಇಲ್ಲದ ಕಿವಿನ ಐತೆ ಅಂತ ಯಾವ ಡಾಕ್ಟ್ರು ಬರ್ಕೊಡ್ತಾರಪ್ಪ?" ಕೈ ನಿಲ್ಲಿಸದೆ ಹೇಳಿದಳು. "ಹನ್ನೆರಡು ವರ್ಷ ಬೋರ್‌ವೆಲ್ ಲಾರಿಲಿ ದುಡಿದವ್ನೆ. ನೀನಿನ್ನೂ ಹುಟ್ಟಿರ್ಲಿಲ್ಲ ಆಗ. ನೆಲ ಕೊರೆಯೋ ಆ ಸದ್ದಿಗೆ ಬಲಗಿವಿ ಆಗ್ಲೇ ಹೋಯ್ತು. ಎಡಗಿವಿ ನಿಧಾನಕ್ಕೆ ಹೋಗ್ತಾ ಹೋಗ್ತಾ ಐದು ವರ್ಷದಿಂದ ಅದೂ ಇಲ್ಲ. ಎದುರಿಗಿದ್ರೆ ತುಟಿ ನೋಡ್ಕಂಡು ತಿಳ್ಕೊತಾನೆ. ಕಿವಿ ಹತ್ರ ಕೂಗಿದ್ರೆ ಅಷ್ಟೋ ಇಷ್ಟೋ."

"ಮತ್ತೆ ಈ ಸ್ಪೀಕರ್?"

"ನಾನೇ ತಂದ್ಕೊಟ್ಟೆ, ದೊಡ್ಡಬಳ್ಳಾಪುರದಾಗೆ. ಕಿವುಡ ಅಂದ್ರೆ ಯಾರಪ್ಪ ನೀರ್ ಬಿಡಕ್ಕೆ ಇಟ್ಕೊತಾರೆ? ಹಿಂದ್ಗಡೆಯಿಂದ ಯಾರಾದ್ರೂ ಕರೆದು, ಕೇಳಿಸ್ದೆ ಹೋದ್ರೆ, ಹಾಡಾಕಿದ್ದೆ ಅಂತ ಅದ್ರ ಮೇಲ್ ಹಾಕು ಅಂದೆ. ಐದು ವರ್ಷ ನಡೀತು." ಕಲ್ಲು ಕೆಳಗಿಟ್ಟಳು. "ನೀನು ಅವ್ನಂಗೆ ಆಡಿ ತೋರಿಸ್ತಿದ್ಯಲ್ಲ, ಮನೆಗೆ ಬಂದು ನನ್ನ ಕೇಳೋನು. ಹುಡುಗ ಏನಂದ ಅಂತ. ನಾನು ಹೇಳಿದ್ಮೇಲೆ ಇನ್ನೊಂದ್ ದಪ ನಗೋನು."

ಐದು ವರ್ಷ ನನ್ನ ಎದುರು ತೊಡೆ ತಟ್ಟಿ ನಕ್ಕವನು ನನ್ನ ಮಿಮಿಕ್ರಿಯನ್ನು ಒಂದು ಸಲವೂ ಕೇಳಿರಲಿಲ್ಲ.

ಹೇಳಲೇಬೇಕೆಂದು ಹೋಗಿದ್ದ ಮಾತನ್ನು ಹೇಳಿದೆ. "ತಪ್ಪಾಯ್ತು ಪಿಳ್ಳಪ್ಪಣ್ಣ." ತಲೆ ತಗ್ಗಿಸಿ ಹೇಳಿದೆ. ಅವನಿಗೆ ಬೇಕಾಗಿದ್ದದ್ದು ನನ್ನ ತುಟಿ. ನಾನು ತೋರಿಸಿದ್ದು ನೆತ್ತಿ.

"ಆಂ?" ಎಂದ.

"ಮುಖ ಎತ್ತಿ ಜೋರಾಗಿ ಹೇಳಪ್ಪ" ಎಂದಳು ನಾರಾಯಣಮ್ಮ. "ಅವತ್ತು ಇಡೀ ಊರಿಗೇ ಕೇಳೋ ಹಂಗೆ ಹೇಳ್ದಲ್ಲ."

ಮುಖ ಎತ್ತಿದೆ. ಎದುರುಗಡೆ ನಲ್ಲಿಯ ಹತ್ತಿರ ಕೊಡ ಸಾಲಿಟ್ಟುಕೊಂಡು ಐದಾರು ಹೆಂಗಸರು ಕಾಯುತ್ತಿದ್ದರು. ನೀರು ಬಂದಿರಲಿಲ್ಲವಾದ್ದರಿಂದ ಅವರಿಗೆ ನೋಡಲು ಬೇರೇನೂ ಇರಲಿಲ್ಲ, ನಮ್ಮನ್ನೇ ನೋಡುತ್ತಿದ್ದರು. ಗಂಟಲಿನಲ್ಲಿ ಹದಿನಾರು ಜನ ಇದ್ದರು. ಸೆಕ್ರೆಟರಿ ಇದ್ದ, ಕಂಡಕ್ಟರ್ ಇದ್ದ, ಅಪ್ಪನ ಸೀನಿತ್ತು. ಒಬ್ಬರೂ ಈ ಕೆಲಸಕ್ಕೆ ಬರಲು ತಯಾರಿರಲಿಲ್ಲ. ಇದನ್ನು ನನ್ನ ಸ್ವರದಲ್ಲೇ ಹೇಳಬೇಕಿತ್ತು. ಬಾಯಿ ತೆರೆದೆ. ಮತ್ತೆ ಮುಚ್ಚಿದೆ.

ಪಿಳ್ಳಪ್ಪಣ್ಣ ನನ್ನ ತುಟಿಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕಾದ. ಏನೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಅವನೇ ನನ್ನನ್ನು ಬಿಡಿಸಿದ.

"ಬಿಡಪ್ಪ" ಎಂದ. "ಹಾಡಾಕಿದ್ದೆ, ಕೇಳಿಸ್ಲಿಲ್ಲ."

ಕಿಟಕಿಯಲ್ಲಿದ್ದ ಸ್ಪೀಕರ್ ಆಫ್ ಆಗಿತ್ತು.

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಜೋರಾಗಿ ಹೇಳಲು ಆಗದಿದ್ದರೆ ಏನಂತೆ, ಅಚ್ಚಿನಲ್ಲಿ ಹೇಳೋಣ, ಒಂದು ಬೀದಿಯಲ್ಲ, ಇಷ್ಟು ಊರುಗಳ ಜನ ಓದುತ್ತೀರಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದ್ದರಿಂದ ಇಲ್ಲಿ, ತಲೆ ಎತ್ತಿ, ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ತಪ್ಪಾಯ್ತು ಪಿಳ್ಳಪ್ಪಣ್ಣ.

ಪಿಳ್ಳಪ್ಪಣ್ಣನಿಗೆ ಓದಲು ಬರುವುದಿಲ್ಲ ಎನ್ನುವುದು ಬರೆಯಲು ಕೂರುವ ಮುಂಚೆಯೇ ನನಗೆ ಗೊತ್ತಿತ್ತು.